ಗುರುವಾರದ ನೀರು

ಸೊಳ್ಳೆಯ ಸದ್ದಿಗಿಂತ ಆ ಸದ್ದು ನಿಲ್ಲುವುದು ಕೆಟ್ಟದ್ದು. ಹಾರುವ ಸೊಳ್ಳೆ ಕಚ್ಚುವುದಿಲ್ಲ, ಕೂತದ್ದು ಕಚ್ಚುತ್ತದೆ. ಕರಿಗುಂದಿಯ ಗರ್ಭಿಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೇಳುವುದಕ್ಕೆಂದೇ ಅವರ ಮನೆಯ ಗೋಡೆಗೊಂದು ಡಬ್ಬಿ ಇತ್ತು.

ಡಬ್ಬಿಯ ಸರ್ಕಾರಿ ಹೆಸರು ಗರ್ಭರಕ್ಷಾ ಶ್ರವಣ ಘಟಕ. ಊರಿನವರು ‘ಕಿವಿ’ ಅಂದರು. ಅಂಗೈ ಅಗಲದ ಬಿಳಿ ಪ್ಲಾಸ್ಟಿಕ್ಕು, ನಡುವೆ ಒಂದು ದೀಪ, ಕೆಳಗೆ ಸಿಕ್ಕಿಸಿದ ಒಂದು ಕಪ್ಪು ಬಟ್ಟಲು. ಸೊಳ್ಳೆ ಇಲ್ಲದಾಗ ದೀಪ ಹಸಿರು. ಬರಿಯ ಸೊಳ್ಳೆ ಹಾರಿದರೆ ಹಳದಿ. ಮೂಕಜ್ವರದ ಸೊಳ್ಳೆ ಹಾರಿದರೆ ಕೆಂಪು. ಹಾರುತ್ತಿದ್ದದ್ದು ಎಲ್ಲಾದರೂ ಕೂತರೆ ಡಬ್ಬಿ ‘ಟಕ್’ ಎನ್ನುತ್ತಿತ್ತು. ಎಲ್ಲಿ ಕೂತಿತೆಂದು ಮಾತ್ರ ಹೇಳುತ್ತಿರಲಿಲ್ಲ. ಅದನ್ನು ಮೈ ತುರಿಕೆಯಿಂದ ತಿಳಿಯಬೇಕು.

ಮೂಕಜ್ವರ ಬಂದು ಆಗ ಮೂರನೆಯ ವರ್ಷ. ದೊಡ್ಡವರ ಮಟ್ಟಿಗೆ ಅದೊಂದು ಜ್ವರವೇ ಅಲ್ಲ. ಎರಡು ದಿನ ಮೈ ಬೆಚ್ಚಗಾಗಿ, ರಜೆ ಹಾಕುವ ಯೋಗ್ಯತೆಯೂ ಇಲ್ಲದೆ ಹೋಗಿಬಿಡುತ್ತಿತ್ತು. ಆದರೆ ಬಸುರಿಗೆ ಬಂದರೆ ಅದು ಹೊಟ್ಟೆಯೊಳಗಿನ ಕೂಸಿನ ಒಳಗಿವಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅಂಥ ಕೂಸುಗಳು ಗುಂಡಗುಂಡಗೆ ಹುಟ್ಟಿ, ನಕ್ಕು, ಹಾಲು ಕುಡಿದು ಬೆಳೆಯುತ್ತಿದ್ದವು. ದೀಪಾವಳಿಯ ಪಟಾಕಿ ಹೊಡೆಯುವಾಗಲೂ ನೆಮ್ಮದಿಯಾಗಿ ಮಲಗಿರುವುದನ್ನು ನೋಡಿದ ಮೇಲೆ ತಾಯಂದಿರಿಗೆ ವಿಷಯ ತಿಳಿಯುತ್ತಿತ್ತು.

ಈ ರೋಗಾಣು ಸೊಳ್ಳೆಯ ರೆಕ್ಕೆ ಬಡಿಸುವ ಸ್ನಾಯುವಿನಲ್ಲಿ ಮನೆ ಮಾಡುತ್ತದೆ, ತಾಯಿಯಿಂದ ಮೊಟ್ಟೆಗೂ ದಾಟುತ್ತದೆ ಎಂದು ಯಾರೋ ಕಂಡುಹಿಡಿದರು. ಆರೋಗ್ಯವಂತ ಹೆಣ್ಣು ಸೊಳ್ಳೆ ಸೆಕೆಂಡಿಗೆ ನಾನೂರಾ ಎಂಬತ್ತು ಸಲ ರೆಕ್ಕೆ ಬಡಿದರೆ ರೋಗದ್ದು ನಾನೂರಾ ಅರವತ್ತು. ಸಂಗೀತದವರ ಲೆಕ್ಕದಲ್ಲಿ ಅರ್ಧ ಸ್ವರಕ್ಕಿಂತ ಕಡಿಮೆ. ಆದರೂ ಕೇಳಬಲ್ಲ ಕಿವಿಗೆ ಅಷ್ಟು ಸಾಕು. ಗಂಡು ಸೊಳ್ಳೆಗಳಿಗೆ ಈ ವ್ಯತ್ಯಾಸ ಮೊದಲಿಂದಲೂ ಗೊತ್ತಿತ್ತಂತೆ; ಅವನ್ನು ಯಾರೂ ಕೇಳಿರಲಿಲ್ಲ.

ದಾಕ್ಷಾಯಣಿಗೆ ಹದಿನಾಲ್ಕನೆಯ ವಾರ ನಡೆಯುತ್ತಿತ್ತು. ಎರಡು ಸಲ ಕಳೆದುಕೊಂಡ ಮೇಲೆ ನಿಂತ ಬಸುರು. ಅವಳು ಊರಿನ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ತಪ್ಪು ಎಲ್ಲಾದರೂ ಇದ್ದೇ ಇರುತ್ತದೆ, ಹುಡುಕುವುದಷ್ಟೇ ತನ್ನ ಕೆಲಸ ಎಂಬ ಭಾವದಿಂದ ಇಪ್ಪತ್ತು ವರ್ಷದಿಂದ ಮದುವೆ ಕಾರ್ಡು, ಪಂಚಾಂಗ, ಚುನಾವಣೆಯ ಕರಪತ್ರಗಳನ್ನು ಓದುತ್ತ ಬಂದವಳು. ಈಗ ಅದೇ ಕಣ್ಣನ್ನು ತನ್ನ ಮೈಮೇಲೆ ತಿರುಗಿಸಿದ್ದಳು. ಮೊಣಕೈಯ ಹತ್ತಿರದ ಮಚ್ಚೆಯನ್ನು ದಿನಕ್ಕೆ ನಾಲ್ಕು ಸಲ ನೋಡಿ ಅದು ಮಚ್ಚೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಈ ಸೊಳ್ಳೆ ಹಗಲಿನದ್ದಾದ್ದರಿಂದ ಹಗಲಲ್ಲೇ ಪರದೆ. ಬಿಸಿಲಿನ ಧಗೆಯಲ್ಲಿ ಗಂಡನ ತುಂಬುತೋಳಿನ ಅಂಗಿ, ಕಾಲಿಗೆ ಕಾಲುಚೀಲ, ಕುತ್ತಿಗೆಗೆ ಬೇವಿನೆಣ್ಣೆ. ಹತ್ತಿರ ಬಂದವರು ಮೊದಲು ಮೂಗು ಮುಚ್ಚಿಕೊಂಡು ಆಮೇಲೆ ಕುಶಲ ಕೇಳುತ್ತಿದ್ದರು.

ಗಂಡ ಚನ್ನವೀರ ಹೈಸ್ಕೂಲಿನ ಡ್ರಿಲ್ ಮಾಸ್ತರ. ಅವನು ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟು ಹಿಡಿದು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೋಣೆಯಿಂದ ಕೋಣೆಗೆ ಕವಾಯತು ನಡೆಸುತ್ತಿದ್ದ. ಅತ್ತೆ ಫಕೀರವ್ವನಿಗೆ ಇದೆಲ್ಲ ಮೋಜೆನಿಸುತ್ತಿತ್ತು. ತಾನು ಆರು ಹೆತ್ತಾಗ ಗೋಡೆಗೆ ಕಿವಿ ಇರಲಿಲ್ಲ, ಇದ್ದ ಕಿವಿಯೆಲ್ಲ ನೆರೆಮನೆಯವರದ್ದು ಎನ್ನುತ್ತಿದ್ದಳು. ಆದರೂ ದೀಪ ಹಳದಿಯಾದರೆ ಸೊಸೆಗಿಂತ ಮೊದಲು ಓಡಿಬಂದು ಸೆರಗು ಬೀಸುವವಳು ಅವಳೇ.

ಕಿವಿಯ ಕೆಳಗಿನ ಬಟ್ಟಲಿನಲ್ಲಿ ಹುಲ್ಲು ನೆನೆಸಿದ ನೀರಿರಬೇಕು. ಅದರ ವಾಸನೆಗೆ ಸುತ್ತಮುತ್ತಲಿನ ಹೆಣ್ಣು ಸೊಳ್ಳೆಗಳೆಲ್ಲ ಬಂದು ಅಲ್ಲೇ ಮೊಟ್ಟೆಯಿಡುತ್ತವೆ. ಮೊಟ್ಟೆ ಮರಿಹುಳವಾಗಿ, ಹುಳಕ್ಕೆ ರೆಕ್ಕೆ ಬರಲು ಹತ್ತು ದಿನ ಬೇಕು. ಏಳನೆಯ ದಿನವೇ ಬಟ್ಟಲು ಖಾಲಿ ಮಾಡಿದರೆ ಒಂದು ಪೀಳಿಗೆಯೇ ಮುಗಿಯಿತು. ಬಸುರಿಯ ಮನೆಯಲ್ಲಿ ವಿಷ ಬೇಡವೆಂದು ಮದ್ದು ಹಾಕದೆ ಮಾಡಿದ ಉಪಾಯ. ಇದನ್ನು ವಿವರಿಸುವ ಕರಪತ್ರ ಅಚ್ಚಾದದ್ದು ದಾಕ್ಷಾಯಣಿಯ ಮುದ್ರಣಾಲಯದಲ್ಲೇ. ಕರಡು ತಿದ್ದಿದವಳೂ ಅವಳೇ. ಮೂರು ಅಕ್ಷರದೋಷ ತೆಗೆದಿದ್ದಳು.

ಹಾಗಾಗಿ ಗುರುವಾರದ ಬಟ್ಟಲನ್ನು ಅವಳು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ, ಉಸಿರು ಬಿಗಿಹಿಡಿದು, ಬಟ್ಟಲನ್ನು ತಾನೇ ತೆಗೆದು ಖಾಲಿ ಮಾಡಿ, ಉಜ್ಜಿ, ಹೊಸ ಹುಲ್ಲುನೀರು ತುಂಬಿ ಸಿಕ್ಕಿಸುತ್ತಿದ್ದಳು. ವಾರದಲ್ಲಿ ಅವಳಿಗೆ ನಿರಾಳವೆನಿಸುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ.

*

ಊರಿನ ಮುನ್ನೂರಾ ನಲವತ್ತು ಕಿವಿಗಳು ಕೇಳಿದ್ದೆಲ್ಲ ಹೋಗಿ ಸೇರುತ್ತಿದ್ದದ್ದು ಹಳೆಯ ಅರಳೆ ಗೋದಾಮಿನ ಮಾಳಿಗೆಯ ಶ್ರವಣ ಕೇಂದ್ರಕ್ಕೆ. ಯಂತ್ರ ಕೆಂಪು ಎಂದದ್ದನ್ನು ಮನುಷ್ಯರೊಬ್ಬರು ಕೇಳಿ ಹೌದೆನ್ನಬೇಕೆಂಬ ನಿಯಮವಿತ್ತು. ಆ ಮನುಷ್ಯರು ಸುಲೋಚನಾ ಪತ್ತಾರ. ಅವಳ ಅಪ್ಪ ಹಾರ್ಮೋನಿಯಂ ರಿಪೇರಿಯವನು. ಮಗಳು ಎಂಟನೆಯ ವಯಸ್ಸಿಗೇ ಸ್ವರ ಕೂಡಿಸುತ್ತಿದ್ದಳು. ನಾನೂರಾ ಎಂಬತ್ತಕ್ಕೂ ನಾನೂರಾ ಅರವತ್ತಕ್ಕೂ ಇರುವ ಅಂತರ ಅವಳಿಗೆ ಯಂತ್ರಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ರೋಗದ ಸೊಳ್ಳೆ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಕೊಂಚ ಇಳಿದು ನುಡಿಯುತ್ತದೆ ಎನ್ನುತ್ತಿದ್ದಳು.

ಆ ತಿಂಗಳು ಅವಳನ್ನು ಕಾಡುತ್ತಿದ್ದದ್ದು ಊರಿನ ಸೊಳ್ಳೆಗಳ ನಕ್ಷೆ. ಊರಿನ ಉಳಿದೆಡೆ ಸೊಳ್ಳೆ ಕಡಿಮೆಯಾಗಿತ್ತು, ಕಿವಿ ಇದ್ದ ಮನೆಗಳಲ್ಲಿ ಹೆಚ್ಚಾಗಿತ್ತು. ಕಿವಿ ಹಾಕಿ ಎರಡು ತಿಂಗಳಾದ ಮನೆಗಿಂತ ನಾಲ್ಕು ತಿಂಗಳಾದ ಮನೆಯಲ್ಲಿ ಇನ್ನೂ ಹೆಚ್ಚು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹೊಳ್ಳರಿಗೆ ಇದರಲ್ಲಿ ಅಚ್ಚರಿ ಕಾಣಲಿಲ್ಲ. ಅವರು ಕರಾವಳಿಯವರು, ಕೀಟಶಾಸ್ತ್ರದಲ್ಲಿ ದೊಡ್ಡ ಹೆಸರು. ಬಸುರಿಯ ಉಸಿರು ಹೆಚ್ಚು, ಮೈ ಬಿಸಿ ಹೆಚ್ಚು, ಸೊಳ್ಳೆಗೆ ಅವಳು ದೂರದಿಂದಲೇ ಗೊತ್ತಾಗುತ್ತಾಳೆ. ತಿಂಗಳು ತುಂಬಿದಷ್ಟೂ ಹೆಚ್ಚಾಗುವುದು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ ಎಂದರು. ಶಾಸ್ತ್ರ ನಿಜವೂ ಆಗಿತ್ತು. ಅದೇ ತೊಂದರೆ. ತನಿಖೆಗೆ ಹೋದವರು ಬಚ್ಚಲಿನಲ್ಲಿ ನೀರು ತುಂಬಿಡುವ ಎಲ್ಲ ಬ್ಯಾರಲ್ಲಿಗೂ ಮುಚ್ಚಳ ಇರುವುದನ್ನು ಕಂಡು ಸರಿ ಗುರುತು ಹಾಕಿಕೊಂಡು ಬಂದಿದ್ದರು.

ಹೊಳ್ಳರು ಪರಿಹಾರವನ್ನೂ ಸೂಚಿಸಿದರು: ಪ್ರತಿ ಮನೆಗೆ ಇನ್ನೊಂದು ಬಟ್ಟಲು.

*

ಎರಡನೆಯ ಬಟ್ಟಲು ಬಂದ ಹದಿಮೂರನೆಯ ದಿನ ಬೆಳಗ್ಗೆ ದಾಕ್ಷಾಯಣಿ ಬಚ್ಚಲಿನಲ್ಲಿ ಬ್ಯಾರಲ್ಲಿನ ಮುಚ್ಚಳ ಸರಿಸಿ ಚೆಂಬು ಮುಳುಗಿಸುತ್ತಿದ್ದಳು. ಬಾಗಿಲ ಹೊರಗಿನ ಕಿವಿಯ ದೀಪ ಕೆಂಪಾಯಿತು. ಬಚ್ಚಲಿನ ನೆರಳಿನಲ್ಲಿ ಗುಂಯ್ ಎನ್ನುವುದು ಅವಳಿಗೇ ಕೇಳಿಸಿತು. ಒಂದಲ್ಲ, ನಾಲ್ಕೈದು. ಮೈಮೇಲೆ ಒದ್ದೆ ಸೀರೆ ಬಿಟ್ಟರೆ ಏನಿಲ್ಲ. ಅವಳು ಅಲ್ಲಾಡಲಿಲ್ಲ, ಅಲ್ಲಾಡಿದರೆ ಉಸಿರು ಹೆಚ್ಚಾಗುತ್ತದೆ ಎಂದು ಓದಿದ್ದಳು. ಆಮೇಲೆ ಸದ್ದು ನಿಂತಿತು.

ಟಕ್.

ಹೆಗಲ ಹಿಂದೆ, ತನ್ನ ಕೈಗೆ ಸಿಗದ ಜಾಗದಲ್ಲಿ, ಸಣ್ಣಗೆ ತುರಿಸಿತು.

ಫಕೀರವ್ವ ಆ ಜಾಗಕ್ಕೆ ಸುಣ್ಣ ಹಚ್ಚಿದಳು. ಚನ್ನವೀರ ಬ್ಯಾಟು ಹಿಡಿದು ಬಚ್ಚಲಿಗೆ ನುಗ್ಗಿ ಐದನ್ನು ಹೊಡೆದು, ಸತ್ತವನ್ನು ಕಾಗದದಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ದ. ದಾಕ್ಷಾಯಣಿಯ ರಕ್ತ ಪರೀಕ್ಷೆಯಾಯಿತು. ಬಂದ ಉತ್ತರ ‘ಅನಿಶ್ಚಿತ’. ರೋಗ ಬಂದಿರಬಹುದು, ಬಂದಿರದೆಯೂ ಇರಬಹುದು; ಬಂದಿದ್ದರೂ ಕೂಸಿಗೆ ಮುಟ್ಟಿರಬಹುದು, ಮುಟ್ಟಿರದೆಯೂ ಇರಬಹುದು. ಇಪ್ಪತ್ತೆಂಟನೆಯ ವಾರದಲ್ಲಿ ಹೊಟ್ಟೆಗೆ ಸದ್ದು ಕೇಳಿಸಿ ಕೂಸಿನ ಎದೆಬಡಿತ ನೋಡುತ್ತೇವೆ, ಅಲ್ಲಿಯವರೆಗೆ ಆರಾಮಾಗಿರಿ ಎಂದರು. ಅಲ್ಲಿಯವರೆಗೆ ಅಂದರೆ ಹತ್ತು ವಾರ. ಅನಿಶ್ಚಿತ ಎಂಬ ಪದವನ್ನು ದಾಕ್ಷಾಯಣಿ ಎಷ್ಟೋ ಕರಡುಗಳಲ್ಲಿ ಹಾದುಹೋಗಿದ್ದಳು. ಅದರ ಮೇಲೆ ಹೀಗೆ ಕೂತುಕೊಳ್ಳಬೇಕಾಗಿ ಬಂದದ್ದು ಇದೇ ಮೊದಲು.

ಅವಳು ಹೊಟ್ಟೆಯೊಂದಿಗೆ ಮಾತಾಡುವುದನ್ನು ನಿಲ್ಲಿಸಿದಳು. ಯಾಕೆಂದು ಚನ್ನವೀರ ಕೇಳಲಿಲ್ಲ. ಕೇಳಿದ್ದು ಫಕೀರವ್ವ.

“ಮಾತಾಡಿ ಉತ್ತರ ಬರಲಿಲ್ಲಂದ್ರ ಏನ ಮಾಡ್ಲಿ ಅತ್ತಿ?” ಎಂದಳು ದಾಕ್ಷಾಯಣಿ.

“ಐದನೇ ತಿಂಗಳದಾಗ ಯಾವ ಕೂಸ ಉತ್ತರ ಕೊಟ್ಟೈತಿ? ನಿನ್ನ ಗಂಡ ಮೂವತ್ತೆಂಟು ವರ್ಷ ಆತು, ಇನ್ನಾ ಕೊಟ್ಟಿಲ್ಲ.”

ಹಾಗೆ ಅಂದ ಮುದುಕಿ ಮರುದಿನದಿಂದ ತಾನೇ ಸೊಸೆಯ ಹೊಟ್ಟೆಯ ಹತ್ತಿರ ಕೂತು ಊರ ಸುದ್ದಿ ಹೇಳತೊಡಗಿದಳು. ಯಾರಾದರೂ ಒಳಗೆ ಬಂದರೆ ಸೊಸೆಗೇ ಹೇಳುತ್ತಿರುವ ಹಾಗೆ ಮುಖ ಮೇಲೆತ್ತುತ್ತಿದ್ದಳು.

*

ದಾಕ್ಷಾಯಣಿಯ ಮನೆಯ ಕೆಂಪು ದೀಪದ ಸದ್ದನ್ನು ಖಾತ್ರಿ ಮಾಡಿದವಳು ಸುಲೋಚನಾ. ಇನ್ನೂರಾ ಹನ್ನೆರಡನೆಯ ಮನೆ, ನಾನೂರಾ ಅರವತ್ತು, ಹೌದು, ಎಂದು ಬರೆದು ಸಹಿ ಹಾಕಿದ್ದಳು. ಅದು ಮನಸ್ಸಿನಿಂದ ಇಳಿಯಲಿಲ್ಲ. ಅಷ್ಟು ಸೊಳ್ಳೆ ಒಮ್ಮೆಗೇ ಎದ್ದದ್ದು ಹೊರಗಿನಿಂದ ಬಂದ ಹಾಗಿರಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರ ಹಾಗಿತ್ತು. ಎಲ್ಲಿ ಹುಟ್ಟಿದವು?

ಕಿವಿಗಳಲ್ಲಿ ಒಂದು ಜರಡಿ ಇತ್ತು. ಸೊಳ್ಳೆಯ ಸ್ವರ ಬಿಟ್ಟು ಬೇರೆಲ್ಲವನ್ನೂ ಅದು ತಡೆಯುತ್ತಿತ್ತು. ಮನೆಮಾತು ಸರ್ಕಾರಕ್ಕೆ ಕೇಳಬಾರದೆಂದು ಹೆಂಗಸರ ಸಂಘದವರು ಹಟ ಹಿಡಿದು ಹಾಕಿಸಿದ್ದು. ಜರಡಿ ತೆಗೆಯಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಸುಲೋಚನಾ ಫೋನು ಮಾಡಿದಳು. ಒಂದು ವಾರ ನಿಮ್ಮ ಮನೆಯ ಎಲ್ಲ ಸದ್ದನ್ನೂ ಕೇಳಬೇಕಾಗಿದೆ, ಕೇಳಿ ಅಳಿಸಿಬಿಡುತ್ತೇನೆ ಎಂದಳು. ದಾಕ್ಷಾಯಣಿ ಒಂದು ವಾರ ಯಾಕೆ, ಒಂಬತ್ತು ತಿಂಗಳು ಕೇಳಿರಿ ಎಂದಳು.

ಆ ವಾರ ಆ ಮನೆಯಲ್ಲಿ ಎಲ್ಲರೂ ಆಕಾಶವಾಣಿಯಂತೆ ಮಾತಾಡಿದರು. ಚನ್ನವೀರ ಹೆಂಡತಿಯನ್ನು ಬಹುವಚನದಲ್ಲಿ ಕರೆದ. ಫಕೀರವ್ವ ತರಕಾರಿಯವಳೊಂದಿಗೆ ಜಗಳವಾಡಲು ಬೀದಿಯ ಕೊನೆಯವರೆಗೆ ನಡೆದುಹೋದಳು. ಸುಲೋಚನಾ ಕೇಳಿದಳು: ರೊಟ್ಟಿ ಬಡಿಯುವ ಸದ್ದು, ಬ್ಯಾಟಿನ ಚಟಪಟ, ಹೊಟ್ಟೆಯ ಹತ್ತಿರ ಯಾರದೋ ಪಿಸುಮಾತು. ಸೊಳ್ಳೆಯ ಹುಟ್ಟಿನ ಸುಳಿವೇನೂ ಇಲ್ಲ.

ಗುರುವಾರ ಹತ್ತು ಗಂಟೆಗೆ ಬಟ್ಟಲು ಕಳಚುವ ಸದ್ದಾಯಿತು. ನಾಲ್ಕು ಹೆಜ್ಜೆ. ಒಂದು ಮುಚ್ಚಳ ಸರಿಯಿತು. ನೀರು ಬಿತ್ತು. ಮುಚ್ಚಳ ಮುಚ್ಚಿತು.

ಸುಲೋಚನಾ ಹೆಡ್‌ಫೋನು ಕೆಳಗಿಟ್ಟಳು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಕೇಳಿದಳು. ಕಲ್ಲಿನ ಮೇಲೆ ಬಿದ್ದ ನೀರಿಗೆ ಒಂದು ಸದ್ದು, ಮಣ್ಣಿಗೆ ಇನ್ನೊಂದು, ಮೋರಿಗೆ ಮತ್ತೊಂದು. ಇದು ಯಾವುದೂ ಅಲ್ಲ. ಮುಕ್ಕಾಲು ತುಂಬಿದ ಬ್ಯಾರಲ್ಲಿನೊಳಗೆ ನೀರು ಬೀಳುವ, ಕೆಳಗಿನಿಂದ ಗುಮ್ಮೆಂದು ಏಳುವ ಸದ್ದು. ಅವಳ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಗುವ ಸದ್ದು. ಆದ್ದರಿಂದಲೇ ಮೊದಲ ಸಲ ಅದು ಕಿವಿಯ ಮೇಲೆ ಬಿದ್ದು ಜಾರಿಹೋಗಿತ್ತು.

ಕರಿಗುಂದಿಗೆ ನಲ್ಲಿ ನೀರು ಬರುವುದು ಹತ್ತು ದಿನಕ್ಕೊಮ್ಮೆ. ಅಲ್ಲಿ ಯಾರೂ ನೀರು ಚೆಲ್ಲುವುದಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಮುಖ ತೊಳೆದದ್ದು ಗಿಡಕ್ಕೆ, ಬಟ್ಟೆ ಒಗೆದದ್ದು ಅಂಗಳಕ್ಕೆ. ಕುಡಿಯಲು ಬಾರದ ಒಳ್ಳೆಯ ನೀರೆಲ್ಲ ಬಚ್ಚಲಿನ ಬಳಸುವ ನೀರಿನ ಬ್ಯಾರಲ್ಲಿಗೆ. ಅದು ತಳ ಕಾಣುವ ಮೊದಲೇ ಮತ್ತೆ ನೀರು ಬರುವುದರಿಂದ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ. ಹೀಗಾಗಿ ಮುನ್ನೂರಾ ನಲವತ್ತು ಮನೆಗಳಲ್ಲಿ ಬಸುರಿಯರು ಪ್ರತಿ ಗುರುವಾರ, ಊರಿನಲ್ಲೇ ಅತಿ ಹೆಚ್ಚು ಸೊಳ್ಳೆಮರಿಗಳಿದ್ದ ನೀರನ್ನು, ಒಂದು ಹನಿ ಹಾಳಾಗದಂತೆ, ನೆರಳಿನಲ್ಲಿರುವ ಮುಚ್ಚಳದ ಬ್ಯಾರಲ್ಲಿಗೆ ಸುರಿದು ಕಾಪಾಡುತ್ತಿದ್ದರು. ಉಳಿದ ಮೂರು ದಿನ ಅವು ಅಲ್ಲಿ ಬೆಳೆಯುತ್ತಿದ್ದವು. ಬೆಳಗಿನ ಜಳಕಕ್ಕೆ ಮುಚ್ಚಳ ತೆಗೆದಾಗ ಏಳುತ್ತಿದ್ದವು.

ಹೊಳ್ಳರಿಗೆ ಮೊದಲು ನಂಬಿಕೆಯಾಗಲಿಲ್ಲ. “ಖಾಲಿ ಮಾಡಿ ಅಂದ್ರೆ ಹೊರಗೆ ಚೆಲ್ಲುವುದಲ್ವಾ ಮಾರಾಯ್ರೆ? ಅದನ್ನೂ ಬರೆಯಬೇಕಾ?”

“ಸರ, ನಿಮ್ಮೂರಾಗ ಚೆಲ್ಲತಾರ. ನಮ್ಮೂರಾಗ ನೀರು ಒಂದು ಭಾಂಡೇದಿಂದ ಇನ್ನೊಂದು ಭಾಂಡೇಕ್ಕ ಹೊಕ್ಕೈತಿ, ಅಷ್ಟ. ನಾ ಆದ್ರೂ ಹಂಗ ಮಾಡ್ತಿದ್ದೆ.”

ಹೊಳ್ಳರು ಎರಡನೆಯ ಬಟ್ಟಲಿನ ಆದೇಶವನ್ನು ಹುಡುಕಿ ತೆಗೆದು, ಅದರ ಕೆಳಗಿನ ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡು, ನಡೀರಿ, ಮೊದಲು ಆ ಮನೆಗೆ, ಎಂದರು.

ಬಚ್ಚಲಿನಲ್ಲಿ ಟಾರ್ಚು ಬಿಟ್ಟು ನೋಡಿದಾಗ ಬ್ಯಾರಲ್ಲಿನ ನೀರಿನ ಮೇಲ್ಮೈಯಿಂದ ಸಾವಿರ ಮರಿಹುಳಗಳು ತಲೆಕೆಳಗಾಗಿ ಜೋತಾಡುತ್ತಿದ್ದವು. ಬೆಳಕು ಬಿದ್ದೊಡನೆ ಎಲ್ಲ ಒಟ್ಟಿಗೆ ಕುಣಿಯುತ್ತ ಕೆಳಗಿಳಿದವು. ದಾಕ್ಷಾಯಣಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ, ಅವಳು ತಪ್ಪು ಹುಡುಕುವುದರಲ್ಲಿ ನುರಿತವಳು.

“ನಾನ ಹಾಕೀನಿ,” ಎಂದಳು. “ಯಾರ ಕೈಯಾಗೂ ಕೊಟ್ಟಿಲ್ಲ. ನಾನ, ನನ್ನ ಕೈಯಾರೆ.” ಮತ್ತೆ, “ಆ ಕರಪತ್ರದ ಕರಡೂ ನಾನ ನೋಡೀನಿ,” ಎಂದಳು.

ಫಕೀರವ್ವ ಅವಳನ್ನು ಸರಿಸಿ ಮುಂದೆ ಬಂದು ಬ್ಯಾರಲ್ಲಿನ ಅಂಚಿಗೆ ಕೈಹಚ್ಚಿದಳು. “ನೀರು ಹಾಳ ಮಾಡಬ್ಯಾಡ ಅಂತ ನಿನಗ ಕಲಿಸಿದಾಕಿ ನಾನು. ನನಗ ಕಲಿಸಿದಾಕಿ ನಮ್ಮತ್ತಿ. ಆಕೀನ್ನ ಕರಕೊಂಡ ಬಂದು ಕೇಳೂಣು ಅಂದ್ರ ಆಕಿ ಸತ್ತು ನಲವತ್ತ ವರ್ಷಾತು. ಹಿಡಿಯವಾ, ಆ ಕಡೆ ಹಿಡಿ. ಅಲ್ಲ, ನೀ ಬ್ಯಾಡ. ಡಾಕ್ಟರ, ನೀವು ಹಿಡೀರಿ.”

ಹೀಗೆ ಕೀಟಶಾಸ್ತ್ರದ ದೊಡ್ಡ ಹೆಸರೂ ಆರು ಹೆತ್ತ ಮುದುಕಿಯೂ ಸೇರಿ ಬ್ಯಾರಲ್ಲನ್ನು ಅಂಗಳಕ್ಕೆ ಉರುಳಿಸಿದರು. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಇನ್ನೂರು ಲೀಟರು ನೀರು ಹರಿಯಿತು. ಅಕ್ಕಪಕ್ಕದವರು ಹೊರಗೆ ಬಂದು, ಮನೆಯಲ್ಲಿ ಸಾವಾಗಿರಬೇಕೆಂದು ತಿಳಿದು, ಸೆರಗು ಬಾಯಿಗೆ ಹಿಡಿದು ನಿಂತರು.

ಹೊಸ ಕರಪತ್ರವನ್ನು ದಾಕ್ಷಾಯಣಿಯೇ ಬರೆದಳು. ಒಂದೇ ವಾಕ್ಯ: ಗುರುವಾರದ ನೀರನ್ನು ಬಿಸಿಲಿನ ಕಲ್ಲಿನ ಮೇಲೆ ಚೆಲ್ಲಿ, ಹೊಟ್ಟೆ ಉರಿದರೂ ಚೆಲ್ಲಿ. ಎರಡು ತಿಂಗಳಲ್ಲಿ ಕೆಂಪು ದೀಪಗಳು ಒಂದೊಂದಾಗಿ ಆರಿದವು. ಅದರಿಂದ ಊರಿಗೆ ಸಮಾಧಾನವಾಯಿತು. ದಾಕ್ಷಾಯಣಿಯ ಹೆಗಲ ಹಿಂದಿನ ಕಡಿತ ಮಾತ್ರ ಮಾಯ್ದು ಗುರುತೂ ಉಳಿಯದೆ ಹೋಗಿತ್ತು, ಅದೇ ಅವಳಿಗೆ ಭಯ. ಎರಡು ಕನ್ನಡಿ ಹಿಡಿದು ಅಲ್ಲೇನಾದರೂ ಇದೆಯೇ ಎಂದು ನೋಡುತ್ತಿದ್ದಳು.

*

ಇಪ್ಪತ್ತೆಂಟನೆಯ ವಾರದ ಪರೀಕ್ಷೆಯೂ ಗುರುವಾರವೇ ಬಂತು. ಆರೋಗ್ಯ ಕೇಂದ್ರದ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿ, ಹೊಟ್ಟೆಗೆ ಪಟ್ಟಿ ಕಟ್ಟಿ, ಕೂಸಿನ ಎದೆಬಡಿತವನ್ನು ಪರದೆಯ ಮೇಲೆ ತೋರಿಸಿದರು. ನಿಮಿಷಕ್ಕೆ ನೂರಾ ನಲವತ್ತು. ಸಿಸ್ಟರು ಒಂದು ಸಣ್ಣ ಗುಂಡನೆಯ ಯಂತ್ರವನ್ನು ಹೊಟ್ಟೆಗೆ ಒತ್ತಿ ಮೂರು ಸೆಕೆಂಡು ಝೇಂಕಾರ ಮಾಡಿಸುತ್ತಾರೆ. ಕೂಸು ಕೇಳಿಸಿಕೊಂಡರೆ ಬೆಚ್ಚುತ್ತದೆ. ಎದೆಬಡಿತ ಹದಿನೈದಾದರೂ ಏರಬೇಕು. ಮೂರರಲ್ಲಿ ಎರಡು ಸಲ ಏರಿದರೆ ಕಿವಿ ಇದೆ ಎಂದು ಬರೆಯುತ್ತಾರೆ.

ಮೊದಲ ಸಲ ನೂರಾ ನಲವತ್ತು ಹಾಗೇ ಇತ್ತು. ಎರಡನೆಯ ಸಲ ನೂರಾ ನಲವತ್ತೊಂದಾಯಿತು. ಮೂರನೆಯ ಸಲ ಸಿಸ್ಟರು ಯಂತ್ರವನ್ನು ಒತ್ತಲೇ ಇಲ್ಲ. ಕೂಸು ಮಲಗಿರಬೇಕು, ಬೆಲ್ಲದ ನೀರು ಕುಡಿದು ಅರ್ಧ ಗಂಟೆ ಬಿಟ್ಟು ನೋಡೋಣ, ಎಂದು ಪರದೆಯನ್ನು ಆಚೆ ತಿರುಗಿಸಿದರು. ಹಾಗೆ ತಿರುಗಿಸಿದ್ದನ್ನು ದಾಕ್ಷಾಯಣಿ ನೋಡಿದಳು.

ಫಕೀರವ್ವ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದಳು.

ಹತ್ತು ಗಂಟೆಗೆ ಕೇಂದ್ರದ ಆಯಾ, ಎಲ್ಲ ಕೋಣೆಗಳ ಬಟ್ಟಲಿನ ನೀರನ್ನು ಬಕೀಟಿಗೆ ತುಂಬಿಕೊಂಡು ಹೊರಗೆ ಹೋಗಿ, ಕಿಟಕಿಯ ಕೆಳಗಿನ ಹಾಸುಗಲ್ಲಿನ ಮೇಲೆ, ಹೊಸ ನಿಯಮದಂತೆ, ಒಂದೇ ಬೀಸಿಗೆ ಚೆಲ್ಲಿದಳು.

ದಾಕ್ಷಾಯಣಿಯ ಹೊಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿತು. ಅವಳು ಪರದೆಯತ್ತ ಕೈ ತೋರಿಸಿದಳು. ಸಿಸ್ಟರು ತಿರುಗಿಸಿದಾಗ ಅಲ್ಲಿ ನೂರಾ ಅರವತ್ತೆರಡಿತ್ತು, ನಿಧಾನವಾಗಿ ಇಳಿಯುತ್ತಿತ್ತು.

ಕಾಕತಾಳೀಯವಾಗಿರಬಹುದು, ಇದನ್ನು ಲೆಕ್ಕಕ್ಕೆ ಹಿಡಿಯಲಾಗದು, ಯಂತ್ರದಿಂದಲೇ ಮತ್ತೆ ನೋಡಬೇಕು ಎಂದರು ಸಿಸ್ಟರು. ಎದೆಬಡಿತ ನೂರಾ ನಲವತ್ತಕ್ಕೆ ಇಳಿದ ಮೇಲೆ ಯಂತ್ರ ಒತ್ತಿದರು. ನೂರಾ ಐವತ್ತೆಂಟು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಒತ್ತಿದರು. ನೂರಾ ಐವತ್ತೇಳು. ಎದ್ದ ಕೂಸಿಗೆ ಈಗ ಎಲ್ಲವೂ ಕೇಳುತ್ತಿತ್ತು. ಸಿಸ್ಟರು ಹಾಳೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಫಕೀರವ್ವ ಗೋಡೆ ಹಿಡಿದು ಎದ್ದಳು. “ಅಷ್ಟ ಝೇಂಕಾರ ಮಾಡಿದ್ರೂ ಏಳಲಿಲ್ಲ. ಯಾರೋ ಒಂದು ಬಕೀಟ ನೀರ ಹಾಳ ಮಾಡಿದ ಕೂಡ್ಲೆ ಎದ್ದು ಕೂತೈತಿ ನೋಡ,” ಎಂದಳು. “ನಮ್ಮೂರಿನ ಕೂಸ ಅದು. ಸಂಶೇ ಇಲ್ಲ.”

ದಾಕ್ಷಾಯಣಿ ನಗಲು ಹೋದಳು, ಬರಲಿಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ಓದಿದಳು, ತಪ್ಪು ಸಿಗಲಿಲ್ಲ. ಆದರೂ ಅವಳ ಕೈ ಹೊಟ್ಟೆಯ ಮೇಲೆ ಕಾಯುತ್ತಲೇ ಇತ್ತು. ಅದನ್ನು ಅತ್ತೆ ನೋಡಿದಳು.

ಬರೆಯುವುದಕ್ಕೆ ಎರಡು ಸಾಕಾಗಿತ್ತು, ಸೊಸೆಗೆ ಸಾಕಾಗಿರಲಿಲ್ಲ. ಫಕೀರವ್ವ ಹೊರಗೆ ಹೋಗಿ, ಬಾಗಿಲಲ್ಲಿದ್ದ ಕುಡಿಯುವ ನೀರಿನ ಕೊಡವನ್ನು ಯಾರನ್ನೂ ಕೇಳದೆ ಎತ್ತಿಕೊಂಡಳು. ಸಾಲಿನಲ್ಲಿ ಕೂತಿದ್ದ ಹೆಂಗಸರು ಎದ್ದು ನಿಂತರು. ಎಪ್ಪತ್ತು ವರ್ಷದಲ್ಲಿ ಒಂದು ತಂಬಿಗೆ ಕುಡಿಯುವ ನೀರನ್ನೂ ನೆಲಕ್ಕೆ ಬಿಡದ ಮುದುಕಿ ಕಿಟಕಿಯ ಕೆಳಗೆ ನಿಂತು, ಒಳಗೆ ಸೊಸೆಯ ಮುಖವನ್ನೊಮ್ಮೆ ನೋಡಿ, ಕೊಡವನ್ನು ತಲೆಯ ಮೇಲಕ್ಕೆತ್ತಿ, ತುಂಬು ಕೊಡವನ್ನು ಕಲ್ಲಿನ ಮೇಲೆ ಸುರಿದಳು.